ಕೊಚ್ಚಿಯಿಂದ ತಿರುವನಂತಪುರಕ್ಕೆ, ಸರ್ವೇಯರ ಜೊತೆ

1958ರ ಡಿಸೆಂಬರ್ ತಿಂಗಳ ಕೊನೆಯ ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ, ನನ್ನ ನೆರೆಮನೆಯ ಸರ್ವೇಯರು ತಿರುವನಂತಪುರದ ಒಂದು ಸರಕಾರಿ ಕಚೇರಿಯಲ್ಲಿ ಮೇಲಧಿಕಾರಿಯ ಎದುರು ನಿಂತಿರಬೇಕಿತ್ತು. ಅವರು ಅಲ್ಲಿರಲಿಲ್ಲ. ಅಲ್ಲಿಂದ ಸುಮಾರು ಅರವತ್ತು ಮೈಲಿ ಉತ್ತರಕ್ಕೆ, ಓಚಿರ ದಾಟಿದ ಮೇಲೆ ಸಿಗುವ ಒಂದು ಬಾವಿಯ ಕಟ್ಟೆಯ ಮೇಲೆ ಕೂತು, ಒಬ್ಬ ಮುದುಕಿ ಮಗಳ ಮನೆಯಿಂದ ವಾಪಸು ಬರುವುದನ್ನು ಕಾಯುತ್ತಿದ್ದರು.

ಕಳೆದ ವಾರ ಕೊಚ್ಚಿಯ ಕಲೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೋಗುತ್ತಿದ್ದೆ. ಅಲ್ಲಿ ಇನ್ನೂ ಒಂದು ಸೈಕಲ್ ಅಂಗಡಿ ಇದೆ. ಉಜ್ಜಿದ ಟ್ಯೂಬಿಗೆ ಹಚ್ಚಿದ ಸೊಲ್ಯೂಷನ್ನಿನ ವಾಸನೆ ಬಂತು. ನನ್ನ ಮಟ್ಟಿಗೆ ಅದು ಒಬ್ಬರೇ ಮನುಷ್ಯರ ವಾಸನೆ. ಮೊದಲು ಸಿಟ್ಟು ಬಂತು, ಮುಖ ಆಮೇಲೆ ನೆನಪಾಯಿತು...

ಆಗ ನಾನು ಮಂಗಳೂರಿನ ಒಂದು ಪತ್ರಿಕೆಗೆ ಕೊಚ್ಚಿಯ ಬಾತ್ಮೀದಾರ. ಬಂದರಿಗೆ ಬಂದ ಹಡಗು, ಕಾಳುಮೆಣಸಿನ ಧಾರಣೆ, ಮಂತ್ರಿಗಳ ಭೇಟಿ ಇವೇ ನನ್ನ ಸುದ್ದಿಗಳು. ಎರ್ನಾಕುಳಂನಲ್ಲಿ ನಾನಿದ್ದ ವಠಾರದ ಪಕ್ಕದ ಕೋಣೆಯಲ್ಲಿ ಸರ್ವೇಯರು ಇದ್ದರು. ನನ್ನಂತೆ ಕಾಸರಗೋಡು ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ರಾಜ್ಯ ಪುನರ್ವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರ ನೌಕರಿಯೂ ಅದರ ಜೊತೆ ಬಂದು, ಅವರನ್ನು ಎರ್ನಾಕುಳಂಗೆ ಹಾಕಿದ್ದರು. ಹೆಂಡತಿ ಊರಿನ ಶಾಲೆಯಲ್ಲಿ ಟೀಚರು. ನಾಲ್ಕು ವರ್ಷದ ಮಗಳು ತಾಯಿಯ ಜೊತೆ ಊರಲ್ಲೇ. ಸರ್ವೇಯರು ರಜೆಗೆ ಹೋದರೆ ಮಗಳು ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದಳಂತೆ. ಒಮ್ಮೆ, ‘ಈ ಮಾಮ ಯಾವಾಗ ಹೋಗುವುದು?’ ಎಂದು ತಾಯಿಯನ್ನು ಕೇಳಿದಳಂತೆ. ಇದನ್ನು ಅವರು ನನಗೆ ಹೇಳಿದ್ದು ಒಂದೇ ಸಲ.

ಊರಿಗೆ ವರ್ಗ ಬೇಕೆಂದು ಅವರು ಕೊಟ್ಟಿದ್ದ ಅರ್ಜಿಗೆ ಎರಡು ವರ್ಷದ ಮೇಲೆ ಉತ್ತರ ಬಂತು. ತಿರುವನಂತಪುರಕ್ಕೆ ಖುದ್ದಾಗಿ ಬಂದು ಹೇಳಿಕೊಳ್ಳಬೇಕು. ಜನವರಿಯಲ್ಲಿ ವರ್ಗಾವಣೆಯ ಪಟ್ಟಿ ಹೊರಡುತ್ತದೆ. ಬಾರದವರ ಅರ್ಜಿಯನ್ನು ಆ ಪಟ್ಟಿಗೆ ಪರಿಗಣಿಸುವುದಿಲ್ಲ.

ಅದೇ ವಾರ ನನ್ನ ಸಂಪಾದಕರಿಂದ ಒಂದು ಕಾಗದ ಬಂದಿತ್ತು. ಹೊಸ ರಾಜ್ಯದ ದಕ್ಷಿಣ ಭಾಗ ನಮ್ಮ ಓದುಗರಿಗೆ ಗೊತ್ತಿಲ್ಲ. ಕೊಚ್ಚಿಯಿಂದ ತಿರುವನಂತಪುರದವರೆಗೆ ಕರಾವಳಿಯ ದಾರಿಯಲ್ಲಿ ಸೈಕಲ್‌ನಲ್ಲಿ ಹೋಗಿ, ಬೇಸಗೆ ರಜೆಯಲ್ಲಿ ಹಾಗೆ ಹೋಗಬಯಸುವವರಿಗೆ ಉಪಯೋಗವಾಗುವಂತೆ ಬರೆಯಿರಿ ಎಂದು. ನಾನು ಸರ್ವೇಯರಿಗೆ ಅದನ್ನು ತೋರಿಸಿದೆ. ತೋರಿಸಬಾರದಿತ್ತು.

“ನಾನೂ ಬರ್ತೇನೆ. ಹೇಗೂ ಮಂಗಳವಾರ ಅಲ್ಲಿ ಇರ್ಲಿಕ್ಕುಂಟಲ್ಲ.”

“ಅಣ್ಣ, ನೀವು ರೈಲಿನಲ್ಲಿ ಹೋಗಿ. ನಿಮ್ಮದು ಮುಖ್ಯದ ಕೆಲಸ.”

“ಶನಿವಾರ ಹೊರಟ್ರೆ ಸೋಮವಾರ ಸಂಜೆಗೆ ತಿರುವನಂತಪುರ. ಲೆಕ್ಕ ಹಾಕಿದ್ದೇನೆ ಮಾರಾಯ. ದಾರಿ ಬರೆಯುವುದು ನಿನಗೆ ಬರ್ಲಿಕ್ಕಿಲ್ಲ.”

ಲೆಕ್ಕವೇನೋ ಸರಿಯಾಗಿಯೇ ಇತ್ತು. ಆದರೆ ಲೆಕ್ಕ ಹಾಕಿದವರು ತಮ್ಮ ಸ್ವಭಾವವನ್ನು ಅದರಲ್ಲಿ ಸೇರಿಸಿರಲಿಲ್ಲ. ಮೊದಲ ಕಡವಿನಲ್ಲೇ ಒಂದೂವರೆ ಗಂಟೆ ಹೋಯಿತು. ದೋಣಿಯವನು ಹೇಳಿದ ವೇಳೆ ಸರಿಯೇ ಎಂದು ನೋಡಲು ಅವರು ಎರಡು ದೋಣಿಗಳನ್ನು ಸುಮ್ಮನೆ ಬಿಟ್ಟರು. ಕವಲು ಬಂದಲ್ಲೆಲ್ಲ ಮೂವರನ್ನು ಕೇಳುವುದು, ಇಬ್ಬರ ಮಾತು ಒಂದಾದರೆ ಮಾತ್ರ ಬರೆದುಕೊಳ್ಳುವುದು. ಮೂರನೆಯವನು ಸಿಗದಿದ್ದರೆ ಸಿಗುವವರೆಗೆ ನಿಲ್ಲುವುದು. ಪ್ರತಿ ಮೈಲಿಗೊಮ್ಮೆ ಇಳಿದು ಹಿಂದಕ್ಕೆ ತಿರುಗಿ ನೋಡುತ್ತಿದ್ದರು. ವಾಪಸು ಬರುವವನಿಗೆ ರಸ್ತೆ ಬೇರೆಯಾಗಿ ಕಾಣುತ್ತದಂತೆ. ಅವರ ಪುಸ್ತಕದಲ್ಲಿ ನೆರಳು, ಗಾಳಿ ಪಂಪು, ಚಹಾದಂಗಡಿ, ಏರು, ಕಡವು, ಕುಡಿಯುವ ನೀರು ಎಂದು ಗೆರೆ ಎಳೆದ ಅಂಕಣಗಳಿದ್ದವು. ಬಾವಿ ಕಂಡಲ್ಲೆಲ್ಲ ನೀರು ಸೇದಿ ಕುಡಿದು ರುಚಿ ನೋಡಿದರು. ಆಲಪ್ಪುಳ ತಲುಪುವಷ್ಟರಲ್ಲಿ ಅವರು ಹದಿನಾಲ್ಕು ಬಾವಿಗಳ ನೀರು ಕುಡಿದಿದ್ದರು, ನನ್ನ ಟ್ಯೂಬು ಎರಡು ಸಲ ತೂತಾಗಿತ್ತು. ಎರಡು ಸಲವೂ ಪ್ಯಾಚು ಹಚ್ಚಿದ್ದು ಅವರೇ. ಹಚ್ಚಿದ ಮೇಲೆ ಐದು ನಿಮಿಷ ಒಣಗಲಿ ಎಂದು ಗಡಿಯಾರ ಹಿಡಿದು ಕೂತದ್ದೂ ಅವರೇ.

ದಾರಿ ಚೆನ್ನಾಗಿತ್ತು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಒಂದು ಬದಿ ಸಮುದ್ರದ ಸದ್ದು, ಇನ್ನೊಂದು ಬದಿ ಹಿನ್ನೀರು. ನಡುವೆ ಮರಳಿನ ಪಟ್ಟಿಯಂಥ ನೆಲ. ತೆಂಗಿನ ಸಿಪ್ಪೆ ಕೊಳೆಯುವ ನಾತ ಮೈಲಿಗಟ್ಟಲೆ ಜೊತೆಗೇ ಬರುತ್ತಿತ್ತು. ಕಾಯಂಕುಳಂ ಬಳಿಯ ಹಳೆಯ ಅರಮನೆಯನ್ನು ನೋಡಲು ನಾನು ಆಸೆಯಿಂದ ಒಳಗೆ ಹೋದೆ. ಸರ್ವೇಯರು ಹೊರಗೇ ಉಳಿದರು.

“ಅರಮನೆ ಎಲ್ಲಿಗೂ ಹೋಗುವುದಿಲ್ಲ. ಇಲ್ಲಿ ನೆರಳು ಎಷ್ಟು ಗಂಟೆವರೆಗೆ ಇರ್ತದೆ, ಅದನ್ನು ಬರಿ” ಎಂದರು.

ಸೋಮವಾರ ಮಧ್ಯಾಹ್ನ ಕೊಲ್ಲಂ ತಲುಪಿದೆವು. ಅರ್ಧ ದಿನ ತಡವಾಗಿತ್ತು. ಆದರೂ ಅಲ್ಲಿಂದ ರೈಲಿದೆ, ಬಸ್ಸಿದೆ. ಒಂದು ಉಡುಪಿ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಎದುರಿಗೆ ಒಬ್ಬ ಲಾರಿ ಡ್ರೈವರು ಇದ್ದ. ಸರ್ವೇಯರು ಅವನಿಗೆ ತಮ್ಮ ಪುಸ್ತಕವನ್ನು ಓದಿ ಹೇಳತೊಡಗಿದರು. ಓಚಿರದ ಆಚೆಯ ಬಾವಿಯ ಹೆಸರು ಬಂದಾಗ ಅವನು ಅನ್ನ ಕಲಸುವುದನ್ನು ನಿಲ್ಲಿಸಿ ಮಲಯಾಳದಲ್ಲಿ ಹೇಳಿದ: “ಸಾರೇ, ಆ ನೀರು ಈಗ ಸಿಹಿ. ಮೀನ ಮಾಸದಲ್ಲಿ ಕುಡಿದು ನೋಡಿ. ಬಾಯಾರಿಕೆ ಇನ್ನೂ ಜಾಸ್ತಿ ಆಗ್ತದೆ.”

ಸರ್ವೇಯರು ಪುಸ್ತಕ ನೋಡಿದರು. ಅಲ್ಲಿ ಸಿಹಿನೀರು ಎಂದು ಬರೆದಿತ್ತು. ಅದರ ನಂತರದ ಬಾವಿ ಆರು ಮೈಲಿ ದೂರಕ್ಕೆ.

“ಬೇಸಗೆಯಲ್ಲಿ ಉಪ್ಪು ಅಂತ ಸೇರಿಸಿ ಬಿಡಿ” ಎಂದೆ.

“ಇವ ಒಬ್ಬನೇ ಹೇಳಿದ್ದಲ್ವ.”

“ಅಣ್ಣ, ನಾಳೆ ಹತ್ತೂವರೆಗೆ ನೀವು ಕಚೇರಿಯಲ್ಲಿರಬೇಕು.”

“ಹದಿನೆಂಟು ಮೈಲಿ. ಸಂಜೆಯೊಳಗೆ ಹೋಗಿ ಕೇಳಿ, ಬೆಳಿಗ್ಗೆ ಮೊದಲ ಬಸ್ಸಿಗೆ ಬರ್ತೇನೆ.”

“ಇದನ್ನು ಓದಿ ಯಾರು ಸೈಕಲ್ ಹತ್ತಿ ಬರ್ತಾರೆ?”

“ಒಬ್ಬ ಬಂದ್ರೂ ಅವನಿಗೆ ಬಾಯಾರ್ತದಲ್ಲ ಮಾರಾಯ.”

ನಾನು ಮೂರು ಸಲ ಬೇಡ ಎಂದೆ. ಮೂರನೆಯ ಸಲ ಹೇಳುವಾಗ ಅವರು ಪ್ಯಾಂಟಿನ ಕಾಲಿಗೆ ಕ್ಲಿಪ್ಪು ಹಾಕುತ್ತಿದ್ದರು.

ನಾನು ಸೈಕಲನ್ನು ಬಸ್ಸಿನ ಮೇಲೆ ಹಾಕಿಸಿ ತಿರುವನಂತಪುರಕ್ಕೆ ಹೋದೆ. ಮೊದಲೇ ಮಾತಾಡಿಕೊಂಡಿದ್ದಂತೆ ಚಾಲೈ ಪೇಟೆಯ ಒಂದು ಲಾಡ್ಜಿನಲ್ಲಿ ಕೋಣೆ ಹಿಡಿದೆ. ಮರುದಿನ ಹತ್ತು ಗಂಟೆಗೇ ಆ ಕಚೇರಿಯ ಜಗಲಿಯಲ್ಲಿದ್ದೆ. ಹತ್ತೂವರೆ ಕಳೆದು ಸ್ವಲ್ಪ ಹೊತ್ತಿಗೆ ಜವಾನ ಸರ್ವೇಯರ ಹೆಸರನ್ನು ಮೂರು ಸಲ ಕೂಗಿದ. ಮೂರನೆಯ ಸಲಕ್ಕೆ ನಾನು ಎದ್ದು ನಿಂತೆ. ಬಾಗಿಲ ಪಕ್ಕದ ಮೇಜಿನ ಗುಮಾಸ್ತ ನೀವೇ ಏನು ಎಂದು ಕೇಳಿದ.

“ಅಲ್ಲ. ಅವರ ನೆರೆಮನೆಯವನು. ಅವರು ದಾರಿಯಲ್ಲಿದ್ದಾರೆ, ಬರ್ತಾರೆ.”

“ನೆರೆಮನೆಯವರನ್ನು ವರ್ಗ ಮಾಡಲು ನಮಗೆ ಅಧಿಕಾರ ಇಲ್ಲವಲ್ಲ ಸಾರೇ” ಎಂದ. ಅವನು ಕೆಟ್ಟವನಲ್ಲ. ಹನ್ನೆರಡು ಗಂಟೆಯವರೆಗೂ ಕಡತವನ್ನು ಮೇಜಿನ ಮೇಲೇ ಇಟ್ಟುಕೊಂಡಿದ್ದ. ಆಮೇಲೆ ಅಧಿಕಾರಿ ಊಟಕ್ಕೆ ಎದ್ದರು, ಕಡತ ಒಳಗೆ ಹೋಯಿತು.

ಸರ್ವೇಯರು ಲಾಡ್ಜಿಗೆ ಬಂದದ್ದು ಸಂಜೆ ಆರಕ್ಕೆ. ಅಂಗಿಯ ತುಂಬ ಧೂಳು. ಬಾವಿಯ ಮುದುಕಿ ಊರಲ್ಲಿರಲಿಲ್ಲ. ಅಕ್ಕಪಕ್ಕದ ಇಬ್ಬರಲ್ಲಿ ಒಬ್ಬ ಉಪ್ಪು ಎಂದ, ಇನ್ನೊಬ್ಬ ಇಲ್ಲ ಎಂದ. ಅದಕ್ಕೇ ಅವಳು ಬರುವವರೆಗೆ ಕಾದರಂತೆ. ಅವಳು ಬಂದದ್ದು ಹನ್ನೊಂದು ಗಂಟೆಗೆ.

“ಕರೆದ್ರಾ?” ಎಂದು ಕೇಳಿದರು.

“ಮೂರು ಸಲ.”

ಮಂಚದ ತುದಿಯಲ್ಲಿ ಕೂತರು. ಆಮೇಲೆ ಪುಸ್ತಕ ತೆಗೆದರು. “ಕುಂಭ ಮಾಸದಿಂದ ಮಳೆ ಬರುವವರೆಗೆ ಉಪ್ಪು. ಬರ್ಕೊ.”

ನಾನು ಬರೆದುಕೊಂಡೆ. ಲೇಖನ ಬರೆಯುವಾಗ ಅಂಬಲಪ್ಪುಳ ದೇವಸ್ಥಾನದ ಪಾಲ್ಪಾಯಸವನ್ನು ಮೊದಲಿಗೂ ಅರಮನೆಯನ್ನು ನಡುವಿಗೂ ಹಾಕಿದೆ. ಬಾವಿಯ ವಿಷಯ ಕೊನೆಯ ಪ್ಯಾರಾದಲ್ಲಿತ್ತು. ಜಾಗ ಸಾಲದಿದ್ದರೆ ಡೆಸ್ಕಿನವರು ಕೆಳಗಿನಿಂದ ಕತ್ತರಿಸುತ್ತಾರೆ ಎನ್ನುವುದು ನನಗೆ ಗೊತ್ತಿತ್ತು. ಅವರು ಹಾಗೆಯೇ ಮಾಡಿದರು.

ಅಚ್ಚಾದ ಪುಟವನ್ನು ಸರ್ವೇಯರು ನನ್ನ ಬಾಗಿಲಲ್ಲೇ ನಿಂತು ಓದಿದರು. ಓದಿ ಮುಗಿಸಿ ಪುಟ ತಿರುಗಿಸಿದರು. ಹಿಂದೆ ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು ಇತ್ತು.

“ಮುಂದಿನ ವಾರ ಉಂಟಾ?”

“ಇಲ್ಲಣ್ಣ. ಇಷ್ಟೇ.”

“ಪಾಯಸ ಸರಿಯಾಗಿ ಬಂದಿದೆ” ಎಂದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಜನವರಿಯ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಏಪ್ರಿಲಿನಲ್ಲಿ, ಶಾಲೆಗೆ ರಜೆ ಸಿಕ್ಕ ಮೇಲೆ, ಅವರ ಹೆಂಡತಿ ಮಗಳನ್ನು ಕರೆದುಕೊಂಡು ಎರ್ನಾಕುಳಂಗೆ ಬಂದರು. ಪಕ್ಕದ ಕೋಣೆಗೆ ಬೀಗ ಹಾಕಿತ್ತು. ಟ್ರಂಕನ್ನು ಜಗಲಿಯಲ್ಲಿಟ್ಟು ನನ್ನ ಬಾಗಿಲು ತಟ್ಟಿದರು.

“ಎಲ್ಲಿ ಇವರು?”

ಹೇಳದೆ ವಿಧಿಯಿರಲಿಲ್ಲ. “ಓಚಿರಕ್ಕೆ ಹೋಗಿದ್ದಾರೆ ಅತ್ತಿಗೆ. ಬಾವಿಯ ನೀರು ಉಪ್ಪಾಗಿದೆಯೋ ಎಂದು ನೋಡಲಿಕ್ಕೆ. ನೀವು ಬರುವುದು ನಾಳೆ ಎಂದುಕೊಂಡಿದ್ದರು.”

“ಡಿಸೆಂಬರಿನಲ್ಲಿ ನೀವು ಜೊತೆಗಿದ್ರಲ್ಲ. ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವ?”

“ಹೇಳಿದೆ.”

“ಎಷ್ಟು ಸಲ?”

“ಮೂರು ಸಲ.”

“ಮೂರು ಸಲ” ಎಂದರು ಅವರು. “ನಾನು ಏಳು ವರ್ಷದಿಂದ ಹೇಳ್ತಾ ಇದ್ದೇನೆ.” ಮಗಳು ಅವರ ಸೀರೆಯ ಹಿಂದಿನಿಂದ ನನ್ನನ್ನು ಇಣುಕಿ ನೋಡುತ್ತಿದ್ದಳು.

ಸರ್ವೇಯರು ಸಂಜೆ ಬಂದರು. ಹೆಂಡತಿಯನ್ನು ಕಂಡು ಗಾಬರಿಯಾಯಿತು. ಆದರೆ ಬಾಯಿಂದ ಮೊದಲು ಬಂದ ಮಾತು, ಅದೂ ನನ್ನ ಕಡೆ ನೋಡಿ, “ಉಪ್ಪೇ.” ಮುದುಕಿಯ ಒಪ್ಪಿಗೆ ಕೇಳಿ, ಬಾವಿಯ ಕಟ್ಟೆಯ ಮೇಲೆ ಡಾಮರಿನಲ್ಲಿ ಬರೆದು ಬಂದಿದ್ದರು, ಮಲಯಾಳದಲ್ಲಿ ಒಂದು ಸಾಲು, ಕನ್ನಡದಲ್ಲಿ ಒಂದು ಸಾಲು. ಬೆರಳುಗಳಿಗೆ ಇನ್ನೂ ಡಾಮರು ಅಂಟಿತ್ತು.

“ಓಚಿರದಲ್ಲಿ ಕನ್ನಡ ಎಂತಕ್ಕೆ?” ಎಂದು ಹೆಂಡತಿ ಕೇಳಿದರು.

“ಇವನ ಲೇಖನ ಓದಿ ಬರುವವರು ಕನ್ನಡದವರಲ್ವ” ಎಂದರು ಸರ್ವೇಯರು.

ಅತ್ತಿಗೆ ಕೈ ಚಾಚಿ ಬೀಗದ ಕೈ ಇಸಿದುಕೊಂಡರು.

ಸರ್ವೇಯರಿಗೆ ಊರಿಗೆ ವರ್ಗವಾದದ್ದು ಅದಾಗಿ ಮೂರು ವರ್ಷಕ್ಕೆ. ಆಗ ಮಗಳಿಗೆ ಏಳು ತುಂಬಿತ್ತು. ನಾನು ಕೊಚ್ಚಿಯಲ್ಲೇ ಉಳಿದೆ, ಪತ್ರಿಕೆ ಬದಲಾಯಿತು, ಕಾಗದಗಳು ಕಡಿಮೆಯಾಗಿ ನಿಂತುಹೋದವು. ಯಾರಾದರೂ ಹೋಗಿ ಆ ಬಾವಿಯ ಮೇಲಿನ ಕನ್ನಡವನ್ನು ಓದಿದರೋ ಇಲ್ಲವೋ ತಿಳಿಯದು. ಸರ್ವೇಯರಿಗೆ ಒಂದು ಮಾತು ಬರೆಯಬೇಕು, ಬಾವಿಯನ್ನು ಕೊನೆಯ ಪ್ಯಾರಾದಲ್ಲಿ ಹಾಕಿದವನು ನಾನೇ ಎಂದು ಹೇಳಬೇಕು ಎಂದು ಹಲವು ಸಲ ಅಂದುಕೊಂಡೆ. ಬರೆಯಲಿಲ್ಲ.

ಸೈಕಲ್ ಅಂಗಡಿಯ ಮುಂದೆ ನಿಂತ ದಿನ ಮನೆಗೆ ಬಂದು, ಊರಿನ ಪರಿಚಯದವರಿಂದ ದೂರವಾಣಿ ಸಂಖ್ಯೆ ಪಡೆದು ಕರೆ ಮಾಡಿದೆ. ಅತ್ತಿಗೆಯೇ ಮಾತಾಡಿದರು. ನನ್ನ ಗುರುತು ಕೂಡಲೇ ಹಿಡಿದರು.

“ಅವರು ಹೋಗಿ ಹತ್ತು ತಿಂಗಳಾಯ್ತು” ಎಂದರು. “ಎದೆನೋವು ಅಂತ ಕಾರಿನಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗುವಾಗ್ಲೂ ಡ್ರೈವರಿಗೆ ದಾರಿ ತಪ್ಪು, ಬಲಕ್ಕೆ ತಿರುಗು ಅಂತ ಹೇಳ್ತಾ ಇದ್ರು. ನಾನು, ಸುಮ್ಮನೆ ಮಲಗಿ, ಅಂತ ಬೈದೆ.”

“ದಾರಿ ತಪ್ಪಿತ್ತಾ ಅತ್ತಿಗೆ?”

“ತಪ್ಪಿತ್ತು.”

ಆಸ್ಪತ್ರೆ ತಲುಪಿದ್ದು ಹತ್ತು ನಿಮಿಷ ತಡವಾಗಿ. ತೀರಿಕೊಂಡದ್ದು ನಾಲ್ಕು ದಿನದ ಮೇಲೆ, ನಿದ್ದೆಯಲ್ಲಿ. ಅವರಿಗೆ ಎಂಬತ್ತೆರಡು ವರ್ಷವಾಗಿತ್ತು.