ಹೆಬ್ಬೆರಳಿನ ಪರೀಕ್ಷೆ

ಬೀಜದ ಕಂಪನಿಯ ಕೆಲಸದಲ್ಲಿ ರೈತರಿಂದ ಬೇಡ ಅನ್ನಿಸಿಕೊಳ್ಳೋದು ನನಗೆ ಹೊಸದಲ್ಲ. ಆದರೆ ನಮ್ಮ ಹೊಸ ಟೊಮೇಟೊ ತಳಿಯ ರುಚಿ ನೋಡಿದ ಮೇಲೆ, ಜಯಮ್ಮನವರನ್ನು ಒಪ್ಪಿಸದೆ ಬಿಡೋದಿಲ್ಲ ಅಂತ ಹಟ ಹಿಡಿದೆ. ಅವರು ಕನಕಪುರದ ಕಡೆಯ ರೈತರು. ತಾವು ಬೆಳೆದಿದ್ದನ್ನು ತಾವೇ ತಂದು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಮಾರುತ್ತಾರೆ.

ಒಂದು ಬುಟ್ಟಿ ಹಣ್ಣು ಹೊತ್ತುಕೊಂಡು ಹೋಗಿ, "ಒಂದು ತಿಂದು ನೋಡಿ ಅಕ್ಕಾ" ಅಂದೆ.

"ತಿನ್ನೋದು ಆಮೇಲೆ ಸಾರ್. ನನ್ನ ಹಣ್ಣಿನ ಪಕ್ಕ ಗುಡ್ಡೆ ಹಾಕಿ, ಮಧ್ಯಾಹ್ನದವರೆಗೂ ಇಲ್ಲೇ ಕೂತ್ಕೊಳಿ. ಮುಂದಿನ ಬೆಳೆಗೆ ಯಾವ ಬೀಜ ಅಂತ ನಾನು ತೀರ್ಮಾನ ಮಾಡೋದು ಹಿಂಗೇನೇ."

ಕೂತೆ. ಬಂದವರೆಲ್ಲ ಮೊದಲು ನನ್ನ ಹಣ್ಣಿಗೇ ಕೈ ಹಾಕಿದರು, ಬಣ್ಣ ಹಾಗಿತ್ತು. ಎತ್ತಿ, ಹೆಬ್ಬೆರಳಿನಿಂದ ಒತ್ತಿ, ವಾಪಸ್ ಇಟ್ಟರು. ವಾಕಿಂಗ್ ಮುಗಿಸಿ ಬಂದ ಅಂಕಲ್ ಒಬ್ಬರು ನನ್ನವು ಹತ್ತನ್ನು ಒತ್ತಿ ನೋಡಿ, ಜಯಮ್ಮನವರ ಗಟ್ಟಿ ಹಣ್ಣನ್ನು ಒಂದು ಕೆ.ಜಿ. ತೂಗಿಸಿಕೊಂಡು ಹೋದರು. ಹನ್ನೆರಡು ಗಂಟೆಗೆ ನನ್ನ ಗುಡ್ಡೆಯಲ್ಲಿ ಗುಳಿ ಬೀಳದ ಹಣ್ಣು ಒಂದೂ ಉಳಿದಿರಲಿಲ್ಲ.

ಆಗ ಜಯಮ್ಮ ಒಂದನ್ನು ಸೆರಗಿನಲ್ಲಿ ಒರೆಸಿ ಕಚ್ಚಿದರು. "ಸಖತ್ತಾಗಿದೆ ಸಾರ್. ಆದ್ರೆ ಕಚ್ಚಿ ನೋಡೋರು ಯಾರೂ ಬರಲಿಲ್ವಲ್ಲ."

"ಇದೇ ರುಚಿ, ಗಟ್ಟಿ ಸಿಪ್ಪೆ. ಅಂಥಾದ್ದು ತಂದೇ ತರ್ತೀನಿ ಅಕ್ಕಾ" ಅಂತ ಎದ್ದೆ. ಅಷ್ಟರಲ್ಲಿ ಮನೆಯಿಂದ ಫೋನು, ಸಾರಿಗೆ ಟೊಮೇಟೊ ಬೇಕಂತೆ. ಫೋನು ಕಿವಿಗಿಟ್ಟುಕೊಂಡೇ ಬಗ್ಗಿ ಆರಿಸತೊಡಗಿದೆ.

"ನೀವೂ ಒತ್ತಬೇಡಿ ಸಾರ್" ಅಂತ ಜಯಮ್ಮ ಕೈ ತಡೆದಾಗಲೇ ನನ್ನ ಹೆಬ್ಬೆರಳು ಎಲ್ಲಿದೆ ಅಂತ ಗೊತ್ತಾಗಿದ್ದು. ಅದೂ ಅವರ ಗುಡ್ಡೆಯ ಮೇಲೆ.