ಮೊಮ್ಮಗಳು ಮತ್ತೆ ಡ್ಯೂಟಿಗೆ ಹೋದ ದಿನ

ನಾನು ಹೆಚ್ಚು ಓದಿದವನಲ್ಲ. ಆದರೂ ಈ ಖುಷಿಯನ್ನು ಬರೆಯದೆ ಇರಲಾರೆ. ನನ್ನ ಮೊಮ್ಮಗಳು ನರ್ಸು. ಹಿನಕಲ್ಲಿನ ನಮ್ಮ ಮನೆಯಿಂದ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗುತ್ತಾಳೆ, ತುರ್ತು ವಾರ್ಡಿನಲ್ಲಿ ಕೆಲಸ.

ಹೋದ ತಿಂಗಳು ರೋಗಿಯ ಕಡೆಯವನೊಬ್ಬ ಅವಳನ್ನು ಗೋಡೆಗೆ ತಳ್ಳಿದ್ದ. ಮಣಿಕಟ್ಟು ಊದಿಸಿಕೊಂಡು ಮನೆಗೆ ಬಂದಳು. ಊತ ಇಳಿದ ಮೇಲೂ ಡ್ಯೂಟಿಗೆ ಹೋಗಲಿಲ್ಲ.

“ಬುಟ್ಬುಡು ಕಣವ್ವ ಆ ಕೆಲ್ಸನ,” ಎಂದಳು ನನ್ನ ಸೊಸೆ. ಮೊಮ್ಮಗಳು ಇಷ್ಟಪಟ್ಟು ಕಲಿತ ಕೆಲಸ ಹೀಗೆ ಕೈಬಿಟ್ಟು ಹೋಗುತ್ತದಲ್ಲ ಎಂದು ನನಗೆ ಸಂಕಟ.

ನಮ್ಮ ಕಡೆ ಒಬ್ಬರಿಗೆ ಹುಷಾರಿಲ್ಲ ಅಂದರೆ ಇಡೀ ಬೀದಿಯೇ ಗೂಡ್ಸ್ ಆಟೊ ಹತ್ತಿ ಆಸ್ಪತ್ರೆಗೆ ಹೊರಡುತ್ತದೆ. ಹೋಗದಿದ್ದರೆ ತಪ್ಪು ತಿಳಿಯುತ್ತಾರೆ. ಒಳಗಿನ ಡಾಕ್ಟರು, ನರ್ಸುಗಳಿಗೆ ರೋಗಿಯ ಚಿಂತೆ. ಹೊರಗೆ ಬಂದು ಹೇಳುವವರಿಲ್ಲ. ಕಾದವರ ಭಯ ಹೊತ್ತು ಕಳೆದಂತೆ ಸಿಟ್ಟಾಗುತ್ತದೆ.

“ತಾತ, ಅವತ್ತು ಅಷ್ಟು ಜನಕ್ಕೆ ನಾನೊಬ್ಳೇ ಇದ್ದೆ. ಯಾರಿಗೆ ಅಂತ ಹೇಳ್ಲಿ?” ಎಂದಳು ಒಂದು ಸಂಜೆ. ಆಮೇಲೆ ತಾನೇ ಹೋಗಿ ಆಸ್ಪತ್ರೆಯವರ ಹತ್ತಿರ ಮಾತಾಡಿದಳು. ಬಾಗಿಲಿಗೆ ಕಾವಲಿನವರು ಬೇಕು, ಗುಂಪಿನ ಮುಂದೆ ಒಬ್ಬರನ್ನೇ ಬಿಡಬಾರದು ಎಂದು ಕೇಳಿದಳು. ಒಪ್ಪಿದರು.

ಮತ್ತೆ ಡ್ಯೂಟಿಗೆ ಹೋದ ಮೊದಲ ದಿನ ಅವಳ ಜೊತೆ ನಾನೂ ಹೋಗಿ ಹೊರಗಿನ ಬೆಂಚಿನಲ್ಲಿ ಕೂತೆ. ಮಧ್ಯಾಹ್ನ ಟ್ರ್ಯಾಕ್ಟರಿನಿಂದ ಬಿದ್ದವನೊಬ್ಬನನ್ನು ಕರೆತಂದರು. ಹಿಂದೆಯೇ ಅವನ ಊರಿನವರು. ಸ್ವಲ್ಪ ಹೊತ್ತಿಗೆ ಅವನ ತಮ್ಮ ಬಾಗಿಲು ಗುದ್ದತೊಡಗಿದ.

“ಒಳ್ಗೆ ಏನ್ ಮಾಡ್ತಾವ್ರೆ? ಸಾಯಿಸ್ತಾವ್ರಾ?”

ನಾನು ಬೆಂಚಿನಿಂದ ಎದ್ದು ನಿಂತೆ. ಮೊಮ್ಮಗಳು ಹೊರಗೆ ಬಂದಳು, ಪಕ್ಕದಲ್ಲಿ ಕಾವಲಿನವರು.

“ನಿಮ್ಮಲ್ಲಿ ಹಿರೀಕರು ಯಾರು?”

ಎಲ್ಲರ ಕಣ್ಣೂ ಒಬ್ಬ ಅಜ್ಜಿಯ ಕಡೆ ಹೋಯಿತು. ಮೊಮ್ಮಗಳು ಆಕೆಯ ಪಕ್ಕ ಕೂತಳು. “ಉಸಿರಾಡ್ತಾ ಇದಾರೆ ಅಜ್ಜಿ. ಕಾಲು ಮುರಿದಿದೆ. ಸ್ಕ್ಯಾನ್ ಆದ್ಮೇಲೆ ನಾನೇ ಬಂದು ನಿಮಗೆ ಹೇಳ್ತೀನಿ.”

ಅಜ್ಜಿ ತನ್ನ ಊರಿನವರ ಕಡೆ ತಿರುಗಿದಳು. “ಕೂತ್ಕೊಳ್ರೋ, ಬದುಕವ್ನೆ. ಲೇ, ಬಾಗ್ಲು ಮುರುದ್ರೆ ನಿಮ್ಮಣ್ಣನ ಕಾಲು ಕೂಡ್ಕತದಾ?”

ಯಾರೋ ನಕ್ಕರು. ತಮ್ಮ ಕೂತ. ಹಿರಿಯರು ಕೂರು ಅಂದಮೇಲೆ ನಮ್ಮಲ್ಲಿ ದನಿ ಎತ್ತುವುದು ಕಷ್ಟ. ಹೇಳಿದಂತೆಯೇ ಮೊಮ್ಮಗಳು ಇನ್ನೊಂದು ಸಲ ಬಂದು ಹೇಳಿಹೋದಳು. ದಿನವೂ ಅಂಥ ಅಜ್ಜಿ ಸಿಗಲಾರಳು, ಅದಕ್ಕೇ ಕಾವಲೂ ಇರಬೇಕು ಅಂದುಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಕೇಳದಿದ್ದರೂ ಅಕ್ಕಪಕ್ಕದವರಿಗೆಲ್ಲ, ಇವಳು ನನ್ನ ಮೊಮ್ಮಗಳು, ನರ್ಸು ಎಂದು ಹೇಳಿದೆ. ಅವಳು ನನ್ನ ತೋಳು ಹಿಂಡಿದಳು.

“ಸುಮ್ನಿರು ತಾತ. ನಾಳೆಯಿಂದ ನೀನು ಬರ್ಬೇಡ, ನಾನೊಬ್ಳೇ ಹೋಗ್ತೀನಿ.”