ಪರಿಚಯಿಸುವವರ ಸಹಿ

ಮುನಿಶಾಮಪ್ಪ ಮಾವ ಯಾರ ಮನೆಗೂ ಮಾತಾಡೋಕೆ ಅಂತ ಹೋದವರಲ್ಲ. ನೋಡೋಕೆ ಹೋಗುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎರಡೂ ಕೈ ಹಿಂದೆ ಕಟ್ಟಿಕೊಂಡು, ಗೋಡೆಗೂ ಒರಗದೆ ನಿಂತುಬಿಡುತ್ತಿದ್ದರು. ಕಾಫಿ ಕೊಟ್ಟರೆ ಕುಡಿಯುತ್ತಿದ್ದರು, ಕುರ್ಚಿ ಹಾಕಿದರೆ ಬೇಡ ಅಂತ ಕೈ ಆಡಿಸುತ್ತಿದ್ದರು. ಅರ್ಧ ಗಂಟೆ, ಕೆಲವು ಸಲ ಒಂದು ಗಂಟೆ. ಆಮೇಲೆ "ಬರ್ತೀನಿ" ಅಂದು ಹೊರಟುಹೋಗುತ್ತಿದ್ದರು. ಹೊಸಬರು ಗಾಬರಿ ಬೀಳುತ್ತಿದ್ದರು. ದೊಡ್ಡಬಳ್ಳಾಪುರದ ನಮ್ಮ ಬೀದಿಯವರಿಗೆ ಮಾತ್ರ ಗೊತ್ತಿತ್ತು, ಆ ಮನೆಯವರು ಬ್ಯಾಂಕಿನಲ್ಲಿ ಖಾತೆ ತೆಗೆಯೋಕೆ ಹೊರಟಿದ್ದಾರೆ ಅಂತ.

ಅವರು ಮಗ್ಗ ರಿಪೇರಿ ಮಾಡುವವರು, ಅಪ್ಪನ ಹಳೆಯ ಸ್ನೇಹಿತರು. ನಲವತ್ತು ವರ್ಷ ಪವರ್‌ಲೂಮಿನ ಸದ್ದಿನಲ್ಲಿ ಕಳೆದು ಕಿವಿ ಮುಕ್ಕಾಲು ಹೋಗಿತ್ತು. ಓಡುವ ಮಗ್ಗದ ಮರದ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, "ಎಡಗಡೆ ಬೋಲ್ಟ್ ಸಡ್ಲ ಆಗೈತೆ, ಲಾಳಿ ಒದ್ದಾಡ್ತಾ ಐತೆ" ಅನ್ನುತ್ತಿದ್ದರು. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ಸರಿಯಾಗಿ ಕೇಳಿಸುತ್ತಿರಲಿಲ್ಲವಾದ್ದರಿಂದ ಮಾತಿನ ಮೇಲೆ ಅವರಿಗೆ ನಂಬಿಕೆ ಕಡಿಮೆ. ನಾವು ಎಷ್ಟು ಹೇಳಿದರೂ, "ಆಯ್ತು, ಬಂದ್ ನೋಡ್ತೀನಿ ಬಿಡು" ಅನ್ನುವುದೇ ಉತ್ತರ.

ನಮ್ಮ ಬೀದಿಯ ಕೊನೆಗೆ ಒಂದು ಸಣ್ಣ ಸಹಕಾರಿ ಬ್ಯಾಂಕು. ಬೇರೆ ಬ್ಯಾಂಕುಗಳು ಆಧಾರ್, ಪ್ಯಾನ್ ಸಾಕು ಅನ್ನುವ ಕಾಲ ಬಂದಮೇಲೂ ಈ ಬ್ಯಾಂಕಿನವರು ಫಾರಂನ ಕೊನೆಯಲ್ಲಿ ಹಳೆಯ ಒಂದು ಚೌಕವನ್ನು ಬಿಟ್ಟುಕೊಟ್ಟಿರಲಿಲ್ಲ. ಅದರ ಮೇಲೆ 'ಪರಿಚಯಿಸುವವರ ಸಹಿ' ಅಂತ ಇರುತ್ತಿತ್ತು. ವ್ಯಾಪಾರದ ಖಾತೆ ತೆಗೆಯಬೇಕಾದರೆ ಹಳೆಯ ಸದಸ್ಯರೊಬ್ಬರು ಇವರು ನನಗೆ ಪರಿಚಯ ಅಂತ ಅಲ್ಲಿ ಸಹಿ ಮಾಡಬೇಕು. ಒಂದು ಟೀ ಕುಡಿಸಿದರೆ ಸಹಿ ಗೀಚಿಕೊಡುವ ಸದಸ್ಯರು ಬೇಕಾದಷ್ಟಿದ್ದರು. ಆದರೆ ಮ್ಯಾನೇಜರು ಫಾರಂ ತಿರುಗಿಸಿ, "ಹದಿನೇಳು ಹಾಕಿದಾರಾ?" ಅಂತ ಕೇಳುತ್ತಿದ್ದರು. ಹದಿನೇಳು ಅಂದರೆ ಮುನಿಶಾಮಪ್ಪ ಮಾವನ ಸದಸ್ಯ ನಂಬರು. ಅವರ ಸಹಿ ಇದ್ದ ಫಾರಂ ಅವತ್ತೇ ಪಾಸಾಗುತ್ತಿತ್ತು.

ಬಸ್ ಸ್ಟಾಂಡ್ ಹತ್ತಿರ ಇಡ್ಲಿ ಮಾರುವ ಲಕ್ಷ್ಮಮ್ಮ ಸಹಿ ಕೇಳಿದಾಗ ಮಾವ ಮೂರು ದಿನ ಬೆಳಿಗ್ಗೆ ಆರು ಗಂಟೆಗೆ ಅವಳ ಗಾಡಿಯ ಮುಂದೆ ನಿಂತರು. ಮಾಕಳಿದುರ್ಗದ ಬೆಟ್ಟ ಹತ್ತಲು ಬೆಂಗಳೂರಿನಿಂದ ಬರುವ ಹುಡುಗರು ಮುತ್ತಿಕೊಂಡಿರುತ್ತಿದ್ದರು, ಮಾವ ಅವರ ಹಿಂದೆ ನಿಂತು ಅವಳು ತಟ್ಟೆ ತೊಳೆಯುವುದನ್ನು ನೋಡುತ್ತಿದ್ದರು. ಮೂರೂ ದಿನ ದುಡ್ಡು ಕೊಟ್ಟೇ ತಿಂದರು. ಲಕ್ಷ್ಮಮ್ಮ ನನ್ನ ಮುಂದೆ ಬೈದುಕೊಂಡಿದ್ದಳು, "ಆವಯ್ಯ ಇಡ್ಲಿ ತಿನ್ನಾಕೆ ಬತ್ತಾನೋ ಹೆಣ್ಣು ನೋಡಾಕೆ ಬತ್ತಾನೋ ಗೊತ್ತಾಗ್ತಿಲ್ಲ ಕಣವ್ವ!" ನಾಲ್ಕನೇ ದಿನ ಅವರೇ ಬ್ಯಾಂಕಿಗೆ ಹೋಗಿ ಸಹಿ ಹಾಕಿ ಬಂದರು.

ಕಾರಿನಲ್ಲಿ ಬಂದ ಒಬ್ಬನಿಗೆ ಮಾತ್ರ ಹಾಕಲಿಲ್ಲ. ಕೈಗೆ ಚಿನ್ನದ ಕಡಗ, ಫೈಲಿನ ತುಂಬ ಸೀಲು ಒತ್ತಿದ ಕಾಗದ. ಏನಾಯ್ತು ಮುನಿಶಾಮಣ್ಣ ಅಂತ ಅಪ್ಪ ಕೇಳಿದರೆ, "ಅವನ ಅಂಗಡಿಗೆ ಎರಡ್ ಸಲ ಹೋಗಿದ್ದೆ ಕಣಪ್ಪಾ. ಫ್ಯಾನ್ ತಿರುಗ್ತಿತ್ತು. ಅದನ್ನ ಬಿಟ್ರೆ ಬೇರೇನೂ ತಿರುಗ್ತಿರಲಿಲ್ಲ" ಅಂದರು.

ಇನ್ನು ನನ್ನ ವಿಷಯ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಸರ್ಕಾರಿ ಕಾಲೇಜಿನಲ್ಲಿ ಬಿಕಾಂ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನದಿಂದ ಸೀರೆ ಸೆರಗಿಗೆ ಕುಚ್ಚು ಕಟ್ಟುವ ಕೆಲಸ. ಫೀಸು, ಬಸ್ ಪಾಸು, ಪುಸ್ತಕ ಎಲ್ಲವೂ ಆ ದಾರದ ಗಂಟುಗಳಿಂದಲೇ ಬಂದದ್ದು. ಇದನ್ನು ಹೇಳಿಕೊಳ್ಳೋಕೆ ನನಗೆ ನಾಚಿಕೆಯಿಲ್ಲ, ಹೆಮ್ಮೆಯೇ ಇದೆ. ಡಿಗ್ರಿ ಮುಗಿದ ವರ್ಷ ಬೆಂಗಳೂರಿನ ಒಂದು ಸೀರೆ ಅಂಗಡಿಯವರು ತಿಂಗಳಿಗೆ ಇನ್ನೂರು ಸೀರೆ ಕೊಡ್ತೀವಿ ಅಂದರು. ಷರತ್ತು ಒಂದೇ. ಬಿಲ್ಲು ಬೇಕು, ದುಡ್ಡು ವ್ಯಾಪಾರದ ಹೆಸರಿನ ಕರೆಂಟ್ ಖಾತೆಗೇ ಹಾಕೋದು, ತಿಂಗಳ ಕೊನೆಯೊಳಗೆ ಖಾತೆ ನಂಬರ್ ಕೊಡಬೇಕು.

ನಾನು ಬಿಕಾಂ ಅಲ್ಲವೇ, ಮೂರು ಬ್ಯಾಂಕಿನ ಪಟ್ಟಿ ಮಾಡಿದೆ. ಕನಿಷ್ಠ ಎಷ್ಟು ಇಡಬೇಕು, ಚೆಕ್ ಪುಸ್ತಕಕ್ಕೆಷ್ಟು, ಎಷ್ಟು ದೂರ. ಮಾವನಿಗೆ ತೋರಿಸಿದೆ. ಕನ್ನಡಕ ಮೇಲೆ ಕೆಳಗೆ ಮಾಡಿ ಪೂರ್ತಿ ಓದಿದರು.

"ಪಟ್ಟಿ ಚೆನ್ನಾಗೈತೆ. ಒಳಗೋಗಿ ಕೂತ್ಕೊಂಡ್ ನೋಡಿದ್ಯಾ?"

"ಕೂತ್ಕೊಂಡು ಏನ್ ನೋಡೋದು ಮಾವ?"

"ಹೆಬ್ಬೆಟ್ಟು ಒತ್ತೋರು ಬಂದ್ರೆ ಹೆಂಗ್ ಮಾತಾಡ್ತಾರೆ ಅಂತ ನೋಡು. ನಿನ್ ಜೊತೆ ಇಂಗ್ಲೀಷಲ್ಲಿ ಚೆನ್ನಾಗೇ ಮಾತಾಡ್ತಾರೆ. ನಾಳೆ ನಿಮ್ಮವ್ವನ್ನ ಕಳಿಸ್ಬೇಕಾಗ್ತದೆ."

ಮೂರು ಕಡೆಯೂ ಕೂತು ನೋಡಿದೆ. ಒಂದು ಕಡೆ ಸಾಹೇಬರು ಮುದುಕಿಯ ಪಾಸ್‌ಬುಕ್ಕನ್ನು ಕೌಂಟರಿನ ಮೇಲೆ ಎಸೆದರು. ಇನ್ನೊಂದು ಕಡೆ ಮುದುಕಿಯರೇ ಬರುತ್ತಿರಲಿಲ್ಲ. ಹೀಗೆ ನಮ್ಮ ಬೀದಿಯ ಬ್ಯಾಂಕೇ ಗೆದ್ದಿತು.

ಫಾರಂ ತಂದದ್ದು ನಾಗರಾಜಣ್ಣ, ನನ್ನ ಅಣ್ಣ. ತುಂಬಿದ್ದೂ ಅವನೇ. ವ್ಯಾಪಾರದ ಹೆಸರು 'ನಾಗರಾಜ ಎಂಟರ್‌ಪ್ರೈಸಸ್', ಮಾಲೀಕರು ನಾಗರಾಜ. ಅಪ್ಪನೂ ಅದೇ ಸರಿ ಅಂದರು. ನಾನು ತಲೆ ಬಗ್ಗಿಸಿ ಕುಚ್ಚು ಕಟ್ಟುತ್ತಲೇ ಇದ್ದೆ. ಡಿಗ್ರಿ ಓದಿದ್ದೆ. ಮನೆಯಲ್ಲಿ ಎದುರು ಮಾತಾಡೋದನ್ನು ಮಾತ್ರ ಕಲಿತಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಮಾವ ಬಂದು ಬಾಗಿಲಲ್ಲಿ ನಿಂತರು. ನಾನು ನೆಲದ ಮೇಲೆ ಸೆರಗು ಹರಡಿಕೊಂಡು ಕುಚ್ಚು ಕಟ್ಟುತ್ತಿದ್ದೆ. ಅಣ್ಣ ಮಂಚದ ಮೇಲೆ ಕೂತು ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಒಂದು ಗಂಟೆ ಹಾಗೇ ಕಳೆಯಿತು. ಅಣ್ಣ ಫಾರಂ, ಪೆನ್ನು ಎರಡನ್ನೂ ಮುಂದೆ ಹಿಡಿದ. ಮಾವ ಓದಿದರು. ವಾಪಸು ಕೊಟ್ಟರು.

"ಇದಕ್ಕೆ ಹಾಕಕ್ಕಾಗಲ್ಲ ಕಣಪ್ಪಾ."

"ಯಾಕ್ ಮಾವ? ನಾನು ಹುಟ್ಟಿದಾಗಿಂದ ನೋಡಿದೀರಾ!"

"ನೋಡಿದೀನಿ. ತೊಟ್ಲಲ್ಲಿ ನೋಡಿದೀನಿ, ಮರದ ಮೇಲೆ ನೋಡಿದೀನಿ, ಈಗ ಮಂಚದ ಮೇಲೂ ನೋಡ್ದೆ. ಕುಚ್ಚು ಕಟ್ಟೋದು ನೋಡ್ಲಿಲ್ಲ."

ಅಣ್ಣನ ಮುಖ ಕೆಂಪಾಯಿತು. ಅಪ್ಪ ಒಳಗಿನಿಂದ ಬಂದು, "ಮುನಿಶಾಮಣ್ಣ, ಅವಳು ನಾಳೆ ಮದುವೆಯಾಗಿ ಹೋಗೋಳು. ಅವಳ ಹೆಸರಲ್ಲಿ ಮಾಡಿ ಏನ್ ಪ್ರಯೋಜನ?" ಅಂದರು.

"ಹೋಗೋವಾಗ ಕೈನ ಇಲ್ಲೇ ಬಿಟ್ಟು ಹೋಗ್ತಾಳಾ?"

ಅಷ್ಟೇ ಅಂದು ಚಪ್ಪಲಿ ಮೆಟ್ಟಿಕೊಂಡು ಹೋದರು. ಅವತ್ತಿನಿಂದ ಅಪ್ಪ ಅವರನ್ನು ಮಾತಾಡಿಸಲಿಲ್ಲ. ಮೂವತ್ತು ವರ್ಷದ ಸ್ನೇಹ. ಅಣ್ಣ ಇನ್ನೊಬ್ಬ ಸದಸ್ಯರ ಸಹಿ ಹಾಕಿಸಿಕೊಂಡು ಹೋದ. ಮ್ಯಾನೇಜರು ಎಂದಿನಂತೆ ಹದಿನೇಳು ಎಲ್ಲಿ ಅಂತ ಕೇಳಿ, ಫಾರಂ ಪಕ್ಕಕ್ಕಿಟ್ಟರು. ತಿಂಗಳ ಕೊನೆ ಹತ್ತಿರ ಬರುತ್ತಿತ್ತು.

ನಾನು ಅಂಗಡಿಗೆ ಹೋಗುವ ನೆಪ ಮಾಡಿ ಮಾವನ ಮನೆಗೆ ಹೋದೆ. ಹೊಸ ಫಾರಂನಲ್ಲಿ ನನ್ನ ಹೆಸರು ಬರೆದುಕೊಂಡು ಹೋಗಿದ್ದೆ. ಯಾರಿಗೂ ಹೇಳಬೇಡಿ, ಸಹಿ ಮಾಡಿಬಿಡಿ ಅಂದೆ. ಅವರು ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ನನ್ನನ್ನೇ ನೋಡಿದರು.

"ಕದ್ದು ಹಾಕಲ್ಲ ಗಿರಿಜಾ. ಅವತ್ತು ನಾನ್ ನಿಮ್ಮಪ್ಪನ ಸ್ನೇಹ ಕಳ್ಕೊಂಡೆ. ನೀನು ಬಗ್ಗಿಸಿದ ತಲೆ ಎತ್ತಲಿಲ್ಲ. ನಿಂಗೆ ಬೇಕಾ ಇದು?"

"ಬೇಕು."

"ನನ್ ಹತ್ರ ಹೇಳಿದ್ರೆ ಏನ್ ಬಂತು? ಮನೇಲಿ ಹೇಳು. ಹೇಳಿದ್ ಮಾರ್ನೇ ದಿನ ಬ್ಯಾಂಕ್ ಮುಂದೆ ಇರ್ತೀನಿ."

ಸಿಟ್ಟು ಬಂತು. ಒಂದು ಸಹಿಗೆ ಇಷ್ಟೊಂದು ಸತಾಯಿಸ್ತಾರಲ್ಲ ಅಂತ ದಾರಿಯುದ್ದಕ್ಕೂ ಬೈದುಕೊಂಡೇ ಬಂದೆ. ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಹೇಳಿದೆ. ಧ್ವನಿ ನಡುಗಿತು, ಆದರೂ ಹೇಳಿದೆ. "ಅಪ್ಪ, ಖಾತೆ ನನ್ನ ಹೆಸರಲ್ಲಿ ಆಗ್ಬೇಕು. ಕೆಲಸ ನಂದು." ಅಣ್ಣ ತಟ್ಟೆ ತಳ್ಳಿ ಎದ್ದುಹೋದ. ಅಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದರು. ಇನ್ನೊಂದು ತುತ್ತು. ಇನ್ನೊಂದು. ಕೈ ತೊಳೆದು ಬಂದು ಅಂದರು, "ಹತ್ತಕ್ಕೆ ಬ್ಯಾಂಕ್ ತೆಗೀತಾರೆ. ಆಧಾರ್ ಮರೀಬೇಡ."

ಒಂಬತ್ತೂವರೆಗೆ ಹೋದರೆ, ಯಾರು ಹೇಳಿದ್ದರೋ, ಮಾವ ಆಗಲೇ ಮೆಟ್ಟಿಲ ಮೇಲೆ ಕೂತಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ಸಹಿ ಮಾಡುವಾಗ ಅವರಿಗೆ ಬಹಳ ಹೊತ್ತು ಹಿಡಿಯುತ್ತಿತ್ತು. ಒಂದೊಂದು ಅಕ್ಷರವನ್ನೂ ಬೋಲ್ಟ್ ತಿರುಗಿಸಿದ ಹಾಗೆ ಬಿಗಿಯಾಗಿ ಬರೆಯುತ್ತಿದ್ದರು. ನನ್ನ ಹೆಸರಿನ ಖಾತೆ ಅವತ್ತೇ ಆಯಿತು.

ಮುಂದೆ ಮದುವೆಯಾಯಿತು. ಗಂಡ ಕೆನಡಾದಲ್ಲಿ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವರು, ನಾನೂ ಬಂದೆ. ಮಾವ ಹೇಳಿದಂತೆ ಕೈಯನ್ನು ಅಲ್ಲಿ ಬಿಟ್ಟು ಬರಲಿಲ್ಲ. ಇಲ್ಲಿ ನಮ್ಮ ಕಡೆಯ ಹೆಂಗಸರು ಎಷ್ಟು ಮಂದಿ! ಎಲ್ಲರ ಬೀರುವಿನಲ್ಲೂ ಕುಚ್ಚಿಲ್ಲದ ಸೀರೆಗಳು. ಎರಡು ವರ್ಷದಲ್ಲಿ ಕೆಲಸ ಬೆಳೆಯಿತು. ವ್ಯಾಪಾರದ ಹೆಸರು ನೋಂದಾಯಿಸಿದೆ, ಅದಕ್ಕೆ ಬೇರೆ ಖಾತೆ ತೆಗೆಯಬೇಕಾಯಿತು.

ಮತ್ತೆ ಪಟ್ಟಿ. ಒಂದು ದೊಡ್ಡ ಬ್ಯಾಂಕು, ತಿಂಗಳಿಗಿಷ್ಟು ಶುಲ್ಕ, ಇಷ್ಟು ವ್ಯವಹಾರ ಮಾತ್ರ ಪುಕ್ಕಟೆ, ಮೇಲಾದರೆ ಒಂದೊಂದಕ್ಕೂ ದುಡ್ಡು. ಇನ್ನೊಂದಕ್ಕೆ ಶುಲ್ಕವೇ ಇಲ್ಲ, ಬಾಗಿಲೂ ಇಲ್ಲ, ಎಲ್ಲ ಫೋನಿನೊಳಗೆ. ಗಂಡ, "ಅದೇ ತಗೋ, ಖರ್ಚಿಲ್ಲ" ಅಂದರು. "ಎಲ್ಲಿ ಹೋಗಿ ಕೂತ್ಕೊಂಡು ನೋಡ್ಲಿ ರೀ?" ಅಂದೆ. ಅವರಿಗೆ ಅರ್ಥವಾಗಲಿಲ್ಲ, ನಕ್ಕರು.

ದೊಡ್ಡ ಬ್ಯಾಂಕಿನಲ್ಲಿ ಹೋಗಿ ಕೂತೆ. ಹತ್ತು ನಿಮಿಷದಲ್ಲಿ ಮೂರು ಜನ ಬಂದು ಏನು ಸಹಾಯ ಬೇಕು ಅಂತ ಕೇಳಿದರು. ಮೂರನೆಯವರ ಧ್ವನಿಯಲ್ಲಿ ಅನುಮಾನವಿತ್ತು. ಎದ್ದು ಬಂದೆ. ಪಟ್ಟಿಯಲ್ಲಿ ಮೂರನೆಯದು ಸದಸ್ಯರೇ ಸೇರಿ ನಡೆಸುವ ಸಣ್ಣ ಸಹಕಾರಿ ಬ್ಯಾಂಕು. ಅಲ್ಲಿ ಕೌಂಟರಿನ ಹೆಂಗಸು ಒಬ್ಬ ಮುದುಕ ತಂದಿದ್ದ ಡಬ್ಬಿಯ ಚಿಲ್ಲರೆಯನ್ನು ಅವನ ಜೊತೆ ಹರಟುತ್ತಲೇ ಎಣಿಸುತ್ತಿದ್ದಳು. ಸಾಕು ಅನಿಸಿತು. ಐದು ಡಾಲರಿನ ಷೇರು ಕೊಂಡು ಸದಸ್ಯೆಯಾಗಬೇಕು ಅಂದರು. ನನ್ನ ಬೀದಿಗೇ ಬಂದುಬಿಟ್ಟೆ ಅಂದುಕೊಂಡೆ.

ವಾರ ಬಿಟ್ಟು ಕಾಗದಗಳೊಂದಿಗೆ ಹೋದೆ. ವ್ಯಾಪಾರದ ನೋಂದಣಿ, ಎರಡು ಗುರುತಿನ ಚೀಟಿ, ವಿಳಾಸ. ಮಾಲೀಕರು ಯಾರು ಅಂತ ಖಾತೆ ತೆರೆಯುವ ಮೇಜಿನಲ್ಲಿದ್ದ ಹುಡುಗಿ ಕೇಳಿದಳು. "ನಾನು" ಅಂದೆ, ಒಂದೇ ಸಲಕ್ಕೆ, ಧ್ವನಿ ನಡುಗದೆ. ನಲವತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ನಾನು ಸುಮ್ಮನೆ ಕಾಗದದ ಕೊನೆಯ ಪುಟ ತಿರುಗಿಸಿದೆ. ಆ ಚೌಕ ಇರಲಿಲ್ಲ. ಬೇರೆ ಯಾರಾದರೂ ಸಹಿ ಮಾಡಬೇಕೇ ಅಂತ ಕೇಳಿದೆ. ಇಲ್ಲ, ನೀವೊಬ್ಬರೇ ಸಾಕು ಅಂದಳು, ಒಳ್ಳೆಯ ಸುದ್ದಿ ಹೇಳುವವಳ ಹಾಗೆ. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತಾಗ ಅಳು ಬಂತು. ನನ್ನ ಕೆಲಸ ನಿಂತು ನೋಡಿ ನಾನು ಯಾರು ಅಂತ ಹೇಳಬಲ್ಲವರು ಈ ಊರಿನಲ್ಲಿ ಒಬ್ಬರೂ ಇರಲಿಲ್ಲ. ಅಂಥವರೊಬ್ಬರು ಬೇಕು ಅಂತ ಕೇಳುವವರೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ಅಣ್ಣನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ಸಂಜೆ. ಮಾವನಿಗೆ ಹುಷಾರಿರಲಿಲ್ಲ, ಎದೆ ನೋವು ಅಂತ ಎರಡು ಸಲ ಆಸ್ಪತ್ರೆಗೆ ಕರೆದುಕೊಂಡು ಹೋದವನು ಅಣ್ಣನೇ. ಅವರಿಬ್ಬರೂ ಯಾವಾಗ ರಾಜಿಯಾದರೋ ನನಗೆ ಗೊತ್ತಿಲ್ಲ, ಇಬ್ಬರೂ ಹೇಳಲಿಲ್ಲ. ಅಣ್ಣ ಅವರ ಮನೆಗೆ ಹೋಗಿ ವೀಡಿಯೋ ಹಾಕಿದ. ಮಾವ ದಿಂಬಿಗೊರಗಿ ಕೂತಿದ್ದರು, ಬಹಳ ಇಳಿದುಹೋಗಿದ್ದರು. ಖಾತೆ ಆಯಿತು, ಯಾರ ಪರಿಚಯವನ್ನೂ ಕೇಳಲಿಲ್ಲ ಅಂತ ಕೂಗಿ ಹೇಳಿದೆ. ಅಣ್ಣ ಅವರ ಕಿವಿಯಲ್ಲಿ ಇನ್ನೊಂದು ಸಲ ಕೂಗಿದ.

"ಯಾರೂ ನೋಡೋಕೇ ಬರ್ಲಿಲ್ವಾ?"

"ಇಲ್ಲ ಮಾವ. ಇಲ್ಲಿ ಹಂಗೆಲ್ಲ ಬರಲ್ಲ."

ಮಾವ ಕೈ ಆಡಿಸಿದರು. "ಫೋನ್ ಅಲ್ಲೆಲ್ಲಾದ್ರೂ ಒರಗಿಸು. ಮಾತಾಡ್ಬೇಡ. ಕೆಲಸ ಮಾಡು."

ಮೇಜಿನ ಮೇಲೆ ಫೋನ್ ನಿಲ್ಲಿಸಿ ಕುಚ್ಚು ಕಟ್ಟತೊಡಗಿದೆ. ಹಸಿರು ರೇಷ್ಮೆ ಸೀರೆ, ಅರಿಶಿನ ಬಣ್ಣದ ದಾರ. ಆ ಕಡೆಯಿಂದ ಬೀದಿಯ ಮಗ್ಗಗಳ ಸದ್ದು ಕೇಳುತ್ತಿತ್ತು. ಅಣ್ಣ ಕೈ ಬದಲಿಸಿ ಬದಲಿಸಿ ಫೋನ್ ಹಿಡಿದುಕೊಂಡು ನಿಂತಿದ್ದ, ಮುಕ್ಕಾಲು ಗಂಟೆ. ನಾನು ತಲೆ ಎತ್ತಲಿಲ್ಲ. ಎರಡು ವರ್ಷದಲ್ಲಿ ಮೊದಲನೇ ಸಲ ನನ್ನ ಕೆಲಸವನ್ನು ಯಾರೋ ನೋಡುತ್ತಿದ್ದರು.

"ಬಲಗಡೆಯಿಂದ ನಾಲ್ಕನೇದು ಸಡ್ಲ ಐತೆ" ಅಂದರು.

ನೋಡಿದೆ. ನಿಜ, ಕೂದಲೆಳೆಯಷ್ಟು ಸಡಿಲವಿತ್ತು. "ಬಿಚ್ಚಿ ಕಟ್ತೀನಿ ಮಾವ."

"ಕಟ್ಟು. ಬರ್ತೀನಿ" ಅಂದರು. ಅಣ್ಣ ಫೋನ್ ಇಟ್ಟ.

ಐದನೇ ದಿನ ಅಣ್ಣ ತಾನಾಗಿ ಫೋನ್ ಮಾಡಿದ. ಹಲೋ ಅಂದ. ಅವನು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು, ತಿಳಿಯಿತು. ಮಾವನನ್ನು ಹೊತ್ತ ನಾಲ್ವರಲ್ಲಿ ಅವನೂ ಒಬ್ಬನಂತೆ. ಇಡ್ಲಿ ಗಾಡಿಯ ಲಕ್ಷ್ಮಮ್ಮ ಅವತ್ತು ಒಲೆ ಹಚ್ಚಲಿಲ್ಲವಂತೆ.

ಹಸಿರು ಸೀರೆಯವರು ಆ ಶನಿವಾರ ಬಂದರು. ನಾನು ಸೆರಗು ಬಿಚ್ಚಿ ತೋರಿಸಲು ಹೋದೆ. "ಇರಲಿ ಬಿಡಿ, ಚೆನ್ನಾಗೇ ಇರುತ್ತೆ" ಅಂದು ಚೀಲಕ್ಕೆ ಹಾಕಿಕೊಂಡರು, ಎಷ್ಟಾಯಿತು ಅಂತ ಕೇಳಿದರು. ಅವರು ಲಿಫ್ಟಿನವರೆಗೆ ಹೋಗುವಷ್ಟರಲ್ಲಿ ನನ್ನ ಫೋನು ಸಣ್ಣಗೆ ಸದ್ದು ಮಾಡಿತು. ನನ್ನ ಹೆಸರಿನ ಖಾತೆಗೆ ದುಡ್ಡು ಬಂದು ಬಿದ್ದಿತ್ತು.